ಬ್ಯಾಟು ಹಿಡಿದ ಕಂಚಿನ ಗಂಡಸು

ಅಮ್ಮತ್ತಿಯ ಬಿದ್ದಪ್ಪನ ಹೋಟೆಲಿನಲ್ಲಿ
ನಾವು ಹದಿನೇಳು ಜನ, ಒಂದು ಟೀವಿ.
ಬೆಂಗಳೂರಿನ ವೇದಿಕೆಗೆ ದೇಚಮ್ಮಕ್ಕ ಹತ್ತಿದಳು,
ನೆರಿಗೆ ಹಿಂದಕ್ಕೆ, ಮಂಡಿಯ ನೋವು ಮುಂದಕ್ಕೆ,
ಮೆಟ್ಟಿಲಿಗೊಂದು ಉಸಿರು.
ನಾವೂ ಜೊತೆಗೆ ಎಣಿಸಿದೆವು. ಐದು.

ಶಾಲು. ಹಾರ, ಏಲಕ್ಕಿಯದಲ್ಲ, ಪ್ಲಾಸ್ಟಿಕ್ಕಿನದು.
ಆಮೇಲೆ ಪ್ರತಿಮೆ.
ಮೊದಲು ಕಂಡದ್ದು ಕುಟ್ಟಯ್ಯನಿಗೆ,
ಪೊರೆ ತೆಗೆಸಿ ತಿಂಗಳಾಗಿತ್ತಷ್ಟೆ:
"ಅದೇನ್ರೋ ಅದು, ಬ್ಯಾಟು!"

ಹೌದು. ಕಾಲಿಗೆ ಪ್ಯಾಡು, ಕೈಗೆ ಗ್ಲೌಸು, ತಲೆಗೆ ಹೆಲ್ಮೆಟ್ಟು,
ಕಂಚಿನ ಗಂಡಸೊಬ್ಬ ಮುಂದೆ ಬಾಗಿ ಡ್ರೈವ್ ಹೊಡೆಯುತ್ತಿದ್ದ
ನಮ್ಮ ಲೆಫ್ಟ್ ಬ್ಯಾಕ್ ದೇಚಮ್ಮಕ್ಕನ ಎದೆಗವಚಿ.

ಸುಬೇದಾರ್ ಉತ್ತಯ್ಯ ಎದ್ದು ನಿಂತರು,
ಯಾರೂ ರಾಷ್ಟ್ರಗೀತೆ ಹಾಡದಿದ್ದರೂ.
"ಪೀಚೆಕತ್ತಿ ಕೇಳಿದವನಿಗೆ ತರಕಾರಿ ಚಾಕು!"
"ಅಲ್ಲೇ ಬಿಟ್ಟು ಬರಲಿ!"
"ಸ್ಟಿಕ್ ಹಿಡಿದೇ ಡಿಸಿ ಆಫೀಸಿಗೆ ಹೋಗೋಣ!"
"ಸ್ಟಿಕ್ ಬೇಡ," ಅಂದ ಪೊಲೀಸ್ ಮಾಚಯ್ಯ,
ಅವನೂ ಬರುವವನೇ.
ಬಿದ್ದಪ್ಪ ಸೌಟು ಹಿಡಿದು ನಿಂತೇ ಇದ್ದ, ಪಂದಿಕರಿ ಆರಿತು.
ಅಮ್ಮತ್ತಿಯಲ್ಲಿ ಅದು ಸಣ್ಣ ಸಂಗತಿಯಲ್ಲ.

ಪತ್ರ ಬರೆಯುವ ಕೆಲಸ ನನಗೆ ಬಿತ್ತು.
ನಾನು ಸ್ಕೋರರ್. ನಲವತ್ತು ವರ್ಷ
ಸುಣ್ಣದ ಗೆರೆಯ ಈಚೆ ಕೂತು ಬರೆದವನು,
ತಪ್ಪೆಂದರೆ ಮೈ ಉರಿಯುತ್ತದೆ.
"ಮಾನ್ಯರೇ, ಹಾಕಿ ಎಂಬುದು" ಎಂದು ಶುರುಮಾಡಿ
ಪುರಾವೆಗೆಂದು ಕಪಾಟಿನಿಂದ ಎಂಬತ್ತಮೂರರ ಪುಸ್ತಕ ಇಳಿಸಿದೆ.

(ಆ ವರ್ಷ ದೇಶಕ್ಕೆಲ್ಲ ಬೇರೆ ಆಟದ ಹುಚ್ಚು.
ನಮಗೆ ಪೊನ್ನಂಪೇಟೆಯ ಫೈನಲ್.)

ಒಂದಕ್ಕೆ ಸೊನ್ನೆ.
ಹತ್ತು ಹುಡುಗಿಯರು, ಹತ್ತು ಒಕ್ಕದ ಹೆಸರು,
ದೀರ್ಘ ಕೊಂಬು ಒಂದೂ ತಪ್ಪಿಲ್ಲ.
ಗೋಲ್‌ಕೀಪರ್ ಎಂಬಲ್ಲಿ, ನನ್ನದೇ ದುಂಡಕ್ಷರದಲ್ಲಿ,
ಲೈನುಮನೆ ಹುಡುಗಿ.

ಚೋಮಿ. ಹೆಸರು ಗೊತ್ತಿತ್ತು. ಆವತ್ತೂ ಗೊತ್ತಿತ್ತು.
ಕಾಫಿ ಮೂಟೆಯ ಗೋಣಿ ಕಾಲಿಗೆ ಸುತ್ತಿ
ಬಾಳೆನಾರಿನಲ್ಲಿ ಬಿಗಿದು ನಿಂತಿದ್ದಳು.
ಕೊನೆಯ ಪೆನಾಲ್ಟಿ ಕಾರ್ನರನ್ನು ಪಕ್ಕೆಲುಬಿನಿಂದ ತಡೆದಳು,
ಆ ಸದ್ದು ನನ್ನ ಮೇಜಿನವರೆಗೂ ಬಂತು.
ಪೆನ್ನಿನವರೆಗೆ ಬರಲಿಲ್ಲ.

ಪತ್ರ ಮಡಚಿ ಅದೇ ಪುಟದಲ್ಲಿಟ್ಟೆ.

ಬೆಳಗಿನ ಬಸ್ಸಿಗೆ ದೇಚಮ್ಮಕ್ಕ ಇಳಿದಳು,
ಪ್ರತಿಮೆ ಕಂಕುಳಲ್ಲಿ, ಸಂತೆಯಿಂದ ಕೋಳಿ ತಂದ ಹಾಗೆ.
ಹದಿನೇಳು ಜನರ ಸಿಟ್ಟು ಪೂರ್ತಿ ಕೇಳಿ, ಕಾಫಿ ಮುಗಿಸಿ,
ಹಂಸಾಕನ ವೆಲ್ಡಿಂಗ್ ಶೆಡ್ಡಿಗೆ ನಡೆದಳು.
"ಈ ಹಲಗೆ ಕಿತ್ತು ಹಾಕು ಮಾರಾಯ."

ಕಿಡಿ. ಠಣ್ಣೆಂದು ಬ್ಯಾಟು ಬಿತ್ತು.
ನೋಡಿದರೆ,
ಪ್ಯಾಡಿದೆ, ಗ್ಲೌಸಿದೆ, ಹೆಲ್ಮೆಟ್ಟಿದೆ,
ಮುಂದೆ ಬಾಗಿ ಎರಡೂ ಕೈ ಚಾಚಿ
ಕಾರ್ನರಿಗೆ ಕಾಯುತ್ತಿದ್ದಾನೆ!

ಉತ್ತಯ್ಯ ಕೂಡ ಕೂತುಬಿಟ್ಟರು.
"ಇದು ನನ್ನದಲ್ಲ," ಅಂದಳು ದೇಚಮ್ಮಕ್ಕ,
"ನನ್ನ ಬೆನ್ನ ಹಿಂದೆ ನಿಂತವಳದ್ದು."
ನನ್ನ ಕಡೆ ನೋಡಲಿಲ್ಲ.
ನೋಡಿದ್ದರೆ ವಾಸಿಯಿತ್ತು.

ಚೋಮಿ ಕಣದಲ್ಲಿ ಕಾಳುಮೆಣಸು ಹರಡುತ್ತಿದ್ದಳು.
ಕೈ ಒರೆಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.
"ಕೋಲೆಲ್ಲಿ? ಗೋಲಲ್ಲಿ ನಿಂತವರಿಗೂ
ಒಂದು ಕೋಲು ಬೇಕಲ್ಲಕ್ಕ."

ಹಂಸಾಕ ಉಳಿದ ಸರಳನ್ನು ಬಗ್ಗಿಸಿ ಕೊಟ್ಟ,
ಸ್ವಲ್ಪ ಸೊಟ್ಟ.
ಪತ್ರ ಹೋಯಿತಾ ಎಂದು ಉತ್ತಯ್ಯ ದಿನಾ ಕೇಳುತ್ತಾರೆ.
ಹಳೆಯ ಪುಸ್ತಕ ತಿದ್ದಬಾರದೆಂಬ ನಿಯಮ
ನಾನೇ ಮಾಡಿದ್ದು.
ಪೆನ್ನಿನ ಮುಚ್ಚಳ ತೆಗೆದೇ ಇದೆ.