ಘಾಟಿನ ಊರಾಗ ದುಂಬಿ

ಸರಕಾರಿ ದವಾಖಾನಿ ಬಾಯಾರು
ತೋಳಿಗೆ ಸುತ್ತಿದ ಬಿ.ಪಿ. ಪಟ್ಟಿ ಬಿಚ್ಚಿ ಅಂದ್ರು:
ಗುಳಿಗಿ ಇರಲಿ, ಜೋಡಿಗೆ ದಿನಾ ಮುಂಜಾನೆ
ಭ್ರಾಮರಿ ಮಾಡು, ಬಾಳವ್ವ.
ಬೆನ್ನು ನೆಟ್ಟಗ. ಹೆಗಲು ಸಡಿಲ.
ಹೆಬ್ಬೆರಳಿಂದ ಕಿವಿ ಮುಚ್ಚು,
ಉಳಿದ ಬೆರಳು ಕಣ್ಣ ಮ್ಯಾಲೆ, ಹಗೂರಕ, ಒತ್ತಬ್ಯಾಡ.
ಮೂಗಿನಿಂದ ಉಸಿರು ತಗೊ. ಬಿಡೋವಾಗ
ತುಟಿ ಮುಚ್ಚಿ ದುಂಬಿಹಂಗ ಗುಂಯ್ ಅನ್ನು,
ಉಸಿರು ತೀರೋ ತನಕ.

ನಾ ನಕ್ಕೆ.
ಬಾಯಾರ, ಈ ಕೈ ಕಣ್ಣಿಗೆ ಹಚ್ಚಲೇನ್ರಿ?

ಮೂವತ್ತು ವರ್ಷ ಬ್ಯಾಡಗಿ ಪ್ಯಾಟ್ಯಾಗ
ಮೆಣಸಿನಕಾಯಿ ತುಂಬು ಮುರಿದು ಮುರಿದು
ಉಗುರಿನ ಸಂದ್ಯಾಗ ಕೆಂಪು ಮನಿ ಮಾಡೈತಿ.
ಮಜ್ಜಿಗ್ಯಾಗ ಅದ್ದೇನಿ, ಕೊಬ್ರಿ ಎಣ್ಣಿ ತಿಕ್ಕೇನಿ,
ಹೋಗೂದಿಲ್ಲ.
ಮಗಳು ಕೂಸಿದ್ದಾಗ ಅತ್ತರ
ಮೊಳಕೈಲೆ ಕಣ್ಣೀರು ಒರಸೀನಿ, ಬೆರಳಿಂದಲ್ಲ.

ಇನ್ನು ಉಸಿರು? ಸುಗ್ಗ್ಯಾಗ ಅದೂ ನಮ್ಮದಲ್ಲ.
ಅಡತಿ ಅಂಗಡಿ ಕಟ್ಟಿಮ್ಯಾಲೆ ನಲವತ್ತು ಮಂದಿ
ಮೂಗಿಗೆ ಸೆರಗು ಬಿಗಿದು
ಅರ್ಧ ತಗೋತೀವಿ, ಅರ್ಧ ಕೆಮ್ಮತೀವಿ.
ಯಾರರ ಚೀಲ ಝಾಡಿಸಿದ್ರ
ಸಾಲಿಗೆ ಸಾಲೇ ಸೀನತೈತಿ.

ಮೊದಲ ದಿನ ಕಿವಿ ಅಷ್ಟ ಮುಚ್ಚಿದೆ.
ಕಣ್ಣು ತಾನ ಮುಚ್ಚಲಿ ಅಂದ್ರ ಮುಚ್ಚಲಿಲ್ಲ,
ಒಲಿ ಮ್ಯಾಲಿನ ಹಾಲು ಕಾಯಕೋತ ಕುಂತಿತ್ತು.
ಉಸಿರು ಎರಡು ಗೇಣಿಗೇ ಹರೀತು.

ಮರುದಿನ ಹಿಂದಿನಿಂದ ಬಂದು
ಎರಡೂ ಅಂಗೈ ನನ್ನ ಕಣ್ಣ ಮ್ಯಾಲೆ ಇಟ್ಟ, ನಮ್ಮಾಂವ.
ದರ್ಜಿ ಕೈ. ಸೂಜಿ ಚುಚ್ಚಿ ಚುಚ್ಚಿ ದಡ್ಡು ಬಿದ್ದಾವ.
ಸೀಮಿಸುಣ್ಣದ ವಾಸನಿ ಐತಿ,
ಖಾರ ಮಾತ್ರ ಇಲ್ಲ.

ಗುಂಯ್ ಅಂದೆ.
ಮೂಗಿನ ಹಿಂದ ಹುಟ್ಟಿ, ದವಡಿಗೆ ಇಳಿದು,
ಹಲ್ಲು ಝುಂ ಅನಿಸಿ, ನೆತ್ತಿಗೆ ಏರಿತು.
ಹೊರಗಿನ ಟಂಟಂ ಗಾಡಿ, ಹಮಾಲರ ಜಗಳ
ದೂರದ ಊರಿನ ಸುದ್ದಿ ಆತು.

"ಏನ ಇದು!" ಅಂದ, ಕೈ ತಗೀಲಾರದ,
"ತಲ್ಯಾಗ ಹೊಲಿಗಿ ಮಷೀನು ಇಟಗೊಂಡೀ ಏನು?
ಬೆರಳಿಗೆ ಗೊತ್ತಾಗತೈತಿ."

ನಗು ಬಂತು, ಉಸಿರು ಒಡೀತು.
ಒಡೆದರ ಒಡೀಲಿ ಅಂದಿದ್ರು ಬಾಯಾರು,
ಎರಡು ಸಾದಾ ಉಸಿರು ತಗೊಂಡು ಮತ್ತ ಸುರು ಮಾಡು,
ಉಸಿರಿನ ಜೋಡಿ ಜಬರದಸ್ತಿ ಬ್ಯಾಡ.

ಐದು ಸಲ. ಅಷ್ಟ ನಮ್ಮ ಲೆಕ್ಕ.
ಆಮ್ಯಾಲೆ ಅಂವ ಯಾರದೋ ಪ್ಯಾಂಟಿನ ಅಂಚು ಮಡಸ್ತಾನ,
ನಾ ಬುತ್ತಿ ಕಟ್ತೀನಿ.

ಗುರುವಾರ ಕಟ್ಟಿಮ್ಯಾಲೆ ಹುಸೇನಬಿ ಕೇಳಿದ್ಲು:
ಸೆರಗಿನ ಒಳಗ ಏನವಾ ಅದು, ಗುನುಗತಿ?
ಏನಿಲ್ಲ ಅಂದೆ.
ಮುಂಜಾನಿದು ಒಂದು ಉಳದಿತ್ತು.