ಕಚ್ಚಾ ಹೊಲಿಗೆ

ಸುಶೀಲ ಭಾನುವಾರ ಭಾನುವಾರ ಬರುತ್ತಾಳೆ,
ಚಪ್ಪಲಿ ಹೊರಗೆ ಬಿಟ್ಟು, "ಅಕ್ಕಾ, ಎರಡೇ ನಿಮಿಷ" ಅಂತ
ನನ್ನ ಅಡುಗೆಮನೆಯಲ್ಲಿ ತನ್ನ ಫ್ರಿಜ್ಜು ನಿಲ್ಲಿಸಿ ನೋಡುತ್ತಾಳೆ
ಗಾಳಿಯಲ್ಲೇ, ಎರಡೂ ಕೈ ಅಗಲಿಸಿ.
ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ.
ನಾನು ಸರಿದು ನಿಂತು ಜಾಗ ಕೊಡುತ್ತೇನೆ
ಇನ್ನೂ ಬಾರದ ಫ್ರಿಜ್ಜಿಗೆ.

ಒಂದು ಲಕ್ಷ ಅಡ್ವಾನ್ಸ್ ಕೊಟ್ಟಿದ್ದಾರೆ.
ಉಳಿದದ್ದು ಭದ್ರಾವತಿಯ ಸೈಟು ಮಾರಿದ ಮೇಲೆ.
ಸೈಟು ಮಾರುವುದು ಖಾತೆ ಸರಿಯಾದ ಮೇಲೆ.
ಪತ್ರದಲ್ಲಿ ಅವಳ ಅತ್ತೆ ನೀಲಮ್ಮ,
ಆಧಾರಿನಲ್ಲಿ ನಿಲಮ್ಮ.
ಬಿಟ್ಟುಹೋದದ್ದು ಒಂದು ದೀರ್ಘ,
ರವಿಕೆಯ ಹುಕ್ಕಿನಷ್ಟೇ, ಆಕಾರವೂ ಹೆಚ್ಚುಕಡಿಮೆ ಅದೇ.
ಆ ಒಂದು ಹುಕ್ಕಿಲ್ಲದೆ ಮೂರು ಮನೆ
ಬಾಯಿ ಬಿಟ್ಟುಕೊಂಡು ನಿಂತಿವೆ:
ಅವರದು, ನಮ್ಮದು, ವಿನೋಬನಗರದ ಫ್ಲೋರಿನ್ ಬಾಯಿಯದು.

ಫ್ಲೋರಿನ್ ಬಾಯಿಗೆ ನಾವು ಕೊಟ್ಟದ್ದು ಎರಡು ಲಕ್ಷ.
ನನ್ನ ನಾಲ್ಕು ಬಳೆ ಬ್ಯಾಂಕಿನಲ್ಲಿ ಮಲಗಿವೆ,
ಅವುಗಳ ಬಡ್ಡಿ ಮಾತ್ರ ತಿಂಗಳಿಗೊಮ್ಮೆ ಎದ್ದು ಬರುತ್ತದೆ.
ಕರಾರಿಗೆ ಇನ್ನು ಇಪ್ಪತ್ತಾರು ದಿನ.
ಅಷ್ಟರೊಳಗೆ ಆಷಾಢ ಹುಟ್ಟಿದರೆ ಹಾಲು ಉಕ್ಕಿಸುವಂತಿಲ್ಲ.
ಇವರು ಪೇಪರಿನ ಹಿಂದೆ ಲೆಕ್ಕ ಬರೆದು, ಹೊಡೆದು ಹಾಕಿ,
"ಈ ದಡವೂ ಇಲ್ಲ, ಆ ದಡವೂ ಇಲ್ಲ ಕಣೇ,
ತುಂಗೆಯ ಸೇತುವೆ ಮೇಲೆ ಮಂಚ ಹಾಕಿಕೊಂಡ ಹಾಗಾಯಿತು"
ಅನ್ನುತ್ತಾರೆ. ನಗುತ್ತಾರೆ. ಮಂಡಿ ನೀವಿಕೊಳ್ಳುತ್ತಾರೆ.

ನನ್ನ ಕಸುಬಿನಲ್ಲಿ ಇದಕ್ಕೊಂದು ಹೆಸರಿದೆ.
ಉದ್ದುದ್ದ ಹೊಲಿಗೆ, ಸಡಿಲ, ಬಿಳಿ ದಾರದಲ್ಲಿ,
ಎಳೆದರೆ ಬಿಚ್ಚಿಕೊಳ್ಳಬೇಕು, ಗುರುತು ಉಳಿಯಬಾರದು.
ಗಿರಾಕಿ ಒಮ್ಮೆ ತೊಟ್ಟು ನೋಡುವವರೆಗೆ
ಬಟ್ಟೆ ಬಟ್ಟೆಯೂ ಅಲ್ಲ, ಅಂಗಿಯೂ ಅಲ್ಲ.
ಹಾಗೆ ಬದುಕುತ್ತಿದ್ದೇನೆ ಗಾಡಿಕೊಪ್ಪದ ಈ ಮನೆಯಲ್ಲಿ:
ಅಕ್ಕಿ ಐದೈದೇ ಕೆಜಿ,
ಸೋರುವ ನಲ್ಲಿಗೆ ಹೊಸ ವಾಷರ್ ಬದಲು ಒಂದು ಚಿಂದಿ,
ಗೋಡೆಗೆ ಮೊಳೆ ಹೊಡೆಯುವ ಮುಂಚೆ ಒಂದು ಕ್ಷಣ
ಯಾರನ್ನು ಕೇಳಬೇಕು ಅನ್ನುವ ಯೋಚನೆ.

ಹಳೆಯ ಮೊಳೆ ಒಂದಿದೆ, ನಡುಮನೆಯಲ್ಲಿ.
ಪಕ್ಕದ ಸೈಟಿನವರು ಬೋರು ಕೊರೆಸಿದ ವರ್ಷ
ಗೋಡೆ ಬಿರುಕು ಬಿಟ್ಟಿತು, ಒಂದೂವರೆ ಗೇಣು.
ಕ್ಯಾಲೆಂಡರ್ ತೂಗುಹಾಕಿದೆವು. ಮರೆತೆವು.
ಜನವರಿಯಲ್ಲಿ ಹೊಸದು ಹಾಕುವಾಗ
ಸುಶೀಲಳಿಗೆ ಹೇಳೋಣ ಅಂದುಕೊಂಡೆ.
ಅವಳು ಕೇಳಲಿಲ್ಲ.
ಕೇಳದಿದ್ದರೆ ಸುಳ್ಳು ಹೇಳಿದ ಹಾಗಾಗುವುದಿಲ್ಲ
ಅಂತ ನನಗೆ ನಾನೇ ಪತ್ರ ಬರೆದುಕೊಟ್ಟೆ,
ಸಾಕ್ಷಿ ಸಹಿಯೂ ನನ್ನದೇ.

ಭಾನುವಾರ ಸಂಜೆ ವಿನೋಬನಗರದಲ್ಲಿ
ಚಪ್ಪಲಿ ಹೊರಗೆ ಬಿಡುವವಳು ನಾನು.
"ಎರಡೇ ನಿಮಿಷ ಬಾಯಮ್ಮಾ."
ಕೊರಳಿನ ಟೇಪು ತೆಗೆದು
ಹೊಲಿಗೆ ಮಿಷನ್ನಿಗೆ ಕಿಟಕಿಯ ಬೆಳಕು ಎಲ್ಲಿ ಬೀಳುತ್ತದೆ ಅಂತ
ನೆಲ ಅಳೆಯುತ್ತಿದ್ದೆ.
ಫ್ಲೋರಿನ್ ಬಾಯಿ ಕಾಫಿ ತಂದರು, ಸೆಕೆ ಅಂತ ಫ್ಯಾನ್ ಹಾಕಿದರು.
ಕುರ್ಚಿಯ ಹಿಂದೆ, ಸೊಂಟದ ಎತ್ತರದಲ್ಲಿ,
ಚರ್ಚಿನ ಕ್ಯಾಲೆಂಡರ್, ಹೋದ ವರ್ಷದ್ದು,
ಪಟಪಟ ಅಂದಿತು.
ಅಷ್ಟು ಕೆಳಗೆ ಯಾರಾದರೂ ತಾರೀಖು ನೋಡುತ್ತಾರೆಯೇ!

ಅವರ ಅಂಗೈ ಹೋಗಿ ಅದನ್ನು ಒತ್ತಿ ಹಿಡಿಯಿತು
ಮಗುವಿನ ಬೆನ್ನು ತಟ್ಟುವ ಹಾಗೆ, ಸುಮ್ಮನೆ.
ನಾನು ಅವರ ಕೈ ನೋಡಿದೆ. ಅವರು ನನ್ನ ಟೇಪು ನೋಡಿದರು.
"ಸಕ್ಕರೆ ಸಾಕಾ?"
"ಸಾಕು."
ನಲವತ್ತೆರಡು ಇಂಚು ಅಂತ ಬರೆದುಕೊಂಡೆ,
ಯಾವುದರ ಉದ್ದವೋ ಈಗ ನೆನಪಿಲ್ಲ.

ಬಸ್ಸಿನಲ್ಲಿ ಇವರಿಗೆ ಹೇಳಲಿಲ್ಲ.
ರಾತ್ರಿ ನಿದ್ದೆ ಬರಲಿಲ್ಲ; ಎದ್ದು ಬಂದು
ನಮ್ಮ ನಡುಮನೆಯ ಫ್ಯಾನಿನ ಕೆಳಗೆ ನಿಂತೆ,
ರೆಗ್ಯುಲೇಟರ್ ಒಂದರಲ್ಲಿಟ್ಟೆ, ಎರಡರಲ್ಲಿ, ಮೂರರಲ್ಲಿ.
ಮೂರರಲ್ಲಿ ಮೇ ತಿಂಗಳು ಏಳುತ್ತದೆ,
ಕೆಳಗೆ ಕಾಣುತ್ತದೆ.

ಬರುವ ಭಾನುವಾರ ಸುಶೀಲ ಬರುತ್ತಾಳೆ.
ಸೆಕೆ ಇದ್ದೇ ಇರುತ್ತದೆ.