ಅರ್ಧ ಇಂಚು

ಅಂಗಡಿಯವ ಹೇಳಿದ್ದ: ಅಳೆದು ಬನ್ನಿ.
ಅರ್ವಿಡ್ ಅಳೆದದ್ದು ಕಣ್ಣಲ್ಲೇ.
ಈಗ ಒಲೆ ನಡುಮನೆಯಲ್ಲಿ, ಹಳೆ ಕಂಬಳಿಯ ಮೇಲೆ,
ನಾಲ್ಕು ಜನ ಹೊತ್ತು ತಂದ ಎರಕದ ಹಸು,
ಕೊಟ್ಟಿಗೆ ಬಾಗಿಲಿಗೆ ಹೊಟ್ಟೆ ಅಡ್ಡ.

ಹಳೆಯ ಬೆಂಕಿಗೂಡು ಇಟ್ಟಿಗೆಯದಲ್ಲ, ತಗಡಿನ ಡಬ್ಬಿ.
ಎಪ್ಪತ್ತೊಂಬತ್ತರಲ್ಲಿ ಗೋಡೆಗೆ ತುರುಕಿ
ಮುಂದೆ ಕಲ್ಲಿನಂಥದ್ದೇನೋ ಅಂಟಿಸಿದ್ದು.
ಉರಿ ನೋಡಲು ಚೆಂದ;
ಬಿಸಿಯೆಲ್ಲ ಚಿಮಣಿ ಹತ್ತಿ ಹೋಗಿ
ಸುಪೀರಿಯರ್ ಸರೋವರದ ಗಾಳಿ ಕಾಯಿಸುತ್ತಿತ್ತು.

"ಅರ್ಧ ಇಂಚು ತಾನೆ," ಅಂದ ಅರ್ವಿಡ್,
"ಉಜ್ಜಿದರೆ ಹೋಗುತ್ತೆ."
ಅವನ ಲೆಕ್ಕದಲ್ಲಿ ಉಜ್ಜಿದರೆ ಹೋಗದ್ದು
ಲೋಕದಲ್ಲಿ ಯಾವುದೂ ಇಲ್ಲ,
ನಮ್ಮ ಮದುವೆಯ ಮೊದಲ ಐದು ವರ್ಷವೂ ಸೇರಿ.

ವೆಲ್ಡಿಂಗಿನ ತೈಸ್ತೊ ಬಂದ.
ಕಾಫಿ ಕುಡಿದ. ಇನ್ನೊಂದು ಕುಡಿದ.
ಡ್ಯಾಂಪರ್ ತಟ್ಟೆ ಕತ್ತರಿಸುವ ಮುಂಚೆ
ಪಕ್ಕದ ತಗಡೊಂದು ಬಿಚ್ಚಿ ನೋಡೋಣ, ಎಂದ.
ಏಳು ಸ್ಕ್ರೂ. ಎಂಟನೆಯದನ್ನು ತುಕ್ಕೇ ತಿಂದಿತ್ತು.

ಟಾರ್ಚು ನನ್ನ ಕೈಲಿ.
ಮಂಡಿಯೂರಿ, ಕೆನ್ನೆ ಬೂದಿಗೊತ್ತಿ, ಸಂದಿಯಲ್ಲಿ ಇಣುಕಿದೆ:
ಡಬ್ಬಿಯ ಹಿಂದಿನ ಪೈನ್ ಕಂಬ
ಮೊಸಳೆಯ ಬೆನ್ನಾಗಿತ್ತು.
ಬೆರಳಿಟ್ಟರೆ ಪುಡಿ. ಕಪ್ಪು. ತಣ್ಣಗೆ.

ಜ್ವಾಲೆ ಯಾವತ್ತೂ ಮುಟ್ಟಿರಲಿಲ್ಲ ಅದನ್ನ.
ಬರೀ ಶಾಖ, ಚಳಿಗಾಲದ ಮೇಲೆ ಚಳಿಗಾಲ,
ಎಲ್ಸಿಯ ಹುಟ್ಟುಹಬ್ಬ, ಗಣಿ ಮುಚ್ಚಿದ ವರ್ಷ,
ಇಸ್ಪೀಟು, ಜ್ವರ, ಒಣಹಾಕಿದ ಕಾಲುಚೀಲ.
ನಾವಿತ್ತ ಅಂಗೈ ಚಾಚಿ ಕೂತಿದ್ದೆವು,
ಅದು ಅತ್ತ ಇದ್ದಿಲಾಗುತ್ತಿತ್ತು,
ಪ್ರತಿ ಸಲವೂ ಇನ್ನಷ್ಟು ಕಡಿಮೆ ಬಿಸಿಗೆ
ಹತ್ತಿಕೊಳ್ಳುವುದನ್ನು ಕಲಿಯುತ್ತ.

ಕಂಬದ ಬುಡದಲ್ಲಿ ಬಡಗಿಯ ಪೆನ್ಸಿಲ್ ಬರಹ ಉಳಿದಿತ್ತು:
ಎರಡು ಇಂಚು ಬಿಡಿ.
ಬಿಟ್ಟದ್ದು ಒಂದೂವರೆ.

ತೈಸ್ತೊ ಟೋಪಿ ತೆಗೆದ,
ಸಾವಿನ ಮನೆಗೆ ಬಂದವನ ಹಾಗೆ.
ಅರ್ವಿಡ್ ತನ್ನ ಕೈಯ ಅರವನ್ನೊಮ್ಮೆ ನೋಡಿ
ಸದ್ದಾಗದಂತೆ ಕೆಳಗಿಟ್ಟ.

ಗೋಡೆ ಬಿಚ್ಚಬೇಕು. ಹಿಮ ಕರಗಲಿ. ದುಡ್ಡು ಸೇರಲಿ.
ಅಲ್ಲಿಯವರೆಗೆ ಗೂಡಿನ ಬಾಯಿಗೆ ಹಲಗೆ.
ರಾತ್ರಿ ಕೋಟು ತೊಟ್ಟೇ ಉಂಡೆವು.
ಆಮೇಲೆ ಅರ್ವಿಡ್ ಎದ್ದು ಹೋಗಿ
ಆ ಖಾಲಿ ಒಲೆಯ ಬಾಗಿಲು ತೆರೆದ, ಮುಚ್ಚಿದ,
ಹಿಡಿ ಕೂರುವ ಸದ್ದು ಕೇಳಲೆಂದೇ.
"ಬಾಗಿಲು ಒಳ್ಳೇದು," ಅಂದ.
ನಾನು ಹೂಂ ಅಂದೆ,
ಅಂಗೈಯನ್ನು ಗೋಡೆಗಿಟ್ಟುಕೊಂಡು.